ನಲವತ್ತೆಂಟನೇ ಪುಟ

ಪೀಣ್ಯದ ಆ ಪ್ರೆಸ್ಸಿನಲ್ಲಿ ಕಾಡಪ್ಪನಷ್ಟು ಪುಸ್ತಕ ಓದಿದವರಿಲ್ಲ. ಅವನಷ್ಟು ಅರೆಬರೆ ಓದಿದವರೂ ಇಲ್ಲ. ಮಡಚಿದ ಹದಿನಾರು ಪುಟದ ಕಂತೆಗೆ ಅಲ್ಲಿ ಫಾರಂ ಅನ್ನುತ್ತಾರೆ. ಬೈಂಡಿಂಗ್ ಮೇಜಿಗೆ ಸಾಲಾಗಿ ನಿಂತವರು ಒಬ್ಬೊಬ್ಬರೂ ತಮ್ಮ ಫಾರಂ ಜೋಡಿಸಿ ಮುಂದೆ ದಾಟಿಸಬೇಕು. ಕಾಡಪ್ಪನದು ಮೂರನೆಯದು. ಹತ್ತೊಂಬತ್ತು ವರ್ಷದಿಂದ, ಕಾಲು ಬಾತುಕೊಂಡರೂ, ಮೂರನೆಯದೇ. ಮಸಿ ಮೆತ್ತಿ ವೇಸ್ಟಾದ ಹಾಳೆಗಳನ್ನು ಮಾಕಳಿಯ ಬಾಡಿಗೆ ಕೋಣೆಗೆ ಒಯ್ದು ಓದುತ್ತಿದ್ದ. ಯಾವ ಪುಸ್ತಕವಾದರೂ ಅವನ ಪಾಲಿಗೆ ಮೂವತ್ತಮೂರನೇ ಪುಟಕ್ಕೆ ಶುರು, ನಲವತ್ತೆಂಟಕ್ಕೆ ಖತಂ.

ಈ ವರ್ಷ ಬರವಣಿಗೆ ಕಲಿಸುವ ಪುಸ್ತಕವೊಂದು ಅಚ್ಚಿಗೆ ಬಂತು. ಕಾಡಪ್ಪ ಅದನ್ನು ಕಣ್ಣಿಗೊತ್ತಿಕೊಂಡ. ಅವನಿಗೂ ಬರೆಯುವುದಿತ್ತಲ್ಲ! ಹೆಂಡತಿ ದುರ್ಗವ್ವ ತೀರಿಕೊಂಡಾಗ ಮಗಳು ಭಾಗ್ಯಶ್ರೀಗೆ ಎರಡು ವರ್ಷ. ತಾಯಿ ಹೇಗಿದ್ದಳೆಂದು ಮಗಳಿಗೆ ತಿಳಿಯಲೆಂದು, ಡ್ಯೂಟಿ ಮುಗಿಸಿ ಬಂದು ತೂಕಡಿಸುತ್ತಲೇ ಆರು ವರ್ಷದಿಂದ ನೋಟ್‌ಬುಕ್ ತುಂಬಿಸುತ್ತಿದ್ದ. ಅದರಲ್ಲಿ ಹತ್ತು ಪುಟ ಪೂರ್ತಿ ದುರ್ಗವ್ವನ ಮಾತೇ: ಅವಳ ಬೈಗುಳ, ಚೇಷ್ಟೆ, ಕೂಸನ್ನು ಮಲಗಿಸುವಾಗಿನ ಗೊಣಗಾಟ.

ಪುಸ್ತಕದ ನಲವತ್ತೆಂಟನೇ ಪುಟದ ಕೊನೆಯ ಸಾಲು ಹೀಗಿತ್ತು: ‘ನಿಮಗೆ ಅತಿ ಪ್ರೀತಿಯ ಭಾಗ ಯಾವುದೋ, ಅದನ್ನೇ ಹರಿದು ಎಸೆಯಿರಿ.’ ಅಚ್ಚಾದ ಮಾತು ಸುಳ್ಳಾದೀತೇ? ಎರಡು ದಿನ ಕಾಡಪ್ಪನಿಗೆ ಅನ್ನ ಸೇರಲಿಲ್ಲ. ಮೂರನೇ ದಿನ ಹತ್ತೂ ಪುಟ ಹರಿದು ಕಸದ ಗಾಡಿಗೆ ಹಾಕಿಬಿಟ್ಟ. ಪುಣ್ಯಾತ್ಮ, ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತೇ!

ಮರುದಿನ ನಾಲ್ಕನೇ ಫಾರಂನ ಹನುಮಯ್ಯ ರಜೆ ಹಾಕಿದ.

“ಕಾಡಪ್ಪಣ್ಣ, ಇವತ್ತು ಎರಡೂ ನೀನೇ ನೋಡ್ಕೊಂಬಿಡು,” ಎಂದ ಸೂಪರ್‌ವೈಸರ್ ಲೋಕೇಶ್.

ಕೈಗೆ ಬಂದದ್ದು ಅದೇ ಪುಸ್ತಕದ ನಲವತ್ತೊಂಬತ್ತನೇ ಪುಟ. ಮೊದಲ ಸಾಲೇ, ‘ಹೀಗೆ ಉಪದೇಶಿಸುವವರು ಬಹಳ ಜನ. ದಯವಿಟ್ಟು ಅವರ ಮಾತು ಕೇಳಬೇಡಿ.’

“ಯಾಕಣ್ಣ, ಮೈಗೆ ಹುಷಾರಿಲ್ವಾ?” ಕಾಡಪ್ಪ ಫಾರಂ ಹಿಡಿದು ನಿಂತುಬಿಟ್ಟಿದ್ದು ಕಂಡು ಲೋಕೇಶ್ ಕೇಳಿದ.

“ಏನಿಲ್ಲ ಬಿಡ್ರೀ ಸರ,” ಎಂದು ಕಾಡಪ್ಪ ಫಾರಂ ದಾಟಿಸಿದ. ಸಂಜೆವರೆಗೆ ದಾಟಿಸುತ್ತಲೇ ಇದ್ದ.

ಮನೆಗೆ ಬಂದು ಮಗಳಿಗೆ ಎಲ್ಲ ಹೇಳಿದ. ಭಾಗ್ಯಶ್ರೀ ಬೈಯಲಿಲ್ಲ. ಪೆನ್ನು ಹಿಡಿದು ಪಕ್ಕದಲ್ಲಿ ಕೂತಳು.

“ಹೋಗ್ಲಿ ಬಿಡಪ್ಪ. ನೀನು ಹೇಳು, ನಾನು ಬರ್ಕೋತೀನಿ. ಅವ್ವ ಏನೇನ್ ಅಂತಿದ್ಲು?”

ಕಾಡಪ್ಪ ಬಾಯಿ ತೆರೆದ. ಬಂದದ್ದೆಲ್ಲ ಅವನದೇ ದನಿ, ಅವನದೇ ಮಾತು. ಕಾಗದಕ್ಕೆ ಒಪ್ಪಿಸಿದ ಮೇಲೆ ತಲೆಯಲ್ಲಿ ಇಟ್ಟುಕೊಂಡಿರಲೇ ಇಲ್ಲ ಅವನು. ಬಹಳ ಹೊತ್ತಿನ ಮೇಲೆ ಒಂದು ಮಾತು ದುರ್ಗವ್ವನ ದನಿಯಲ್ಲೇ ಕೇಳಿಸಿತು.

“‘ದಣದೀ, ಮೊದಲ ಉಣ್ಣು ಬಾ’ ಅಂತಿದ್ಳು.”

ಭಾಗ್ಯಶ್ರೀ ಅದನ್ನು ಬರೆದುಕೊಂಡು, “ಆಮೇಲೆ?” ಎಂದಳು.

ಆಮೇಲೆ ಏನೂ ಬರಲಿಲ್ಲ.