ಐದನೇ ಖಾಲಿ ಚೀಟಿ

ಕಮರುನ್ನೀಸಾ ಬ್ಯಾಗಿನ ಜಿಪ್ ರಿಪೇರಿ ಮಾಡುವವಳು. ಮಾನ್ವಿಯಲ್ಲಿ ರಾಯಚೂರು ರಸ್ತೆಯ ಬದಿಗೆ, ನನ್ನ ಹೂವಿನ ಬುಟ್ಟಿಯ ಪಕ್ಕದಲ್ಲೇ ಅವಳ ಹೊಲಿಗೆ ಮಷಿನ್ನು. ಹನ್ನೊಂದು ವರ್ಷ ಜೊತೆಗೆ ಕೂತವರು ನಾವು. ಅವಳಿಗೊಂದು ಚಟ, ಎಲ್ಲದಕ್ಕೂ ಲೆಕ್ಕ. ಜಿಪ್ ಎಳೆಯುವ ರನ್ನರುಗಳ ಡಬ್ಬಿಗೆ ಕೈ ಹಾಕುವ ಮುಂಚೆಯೇ "ಹನ್ನೆರಡರಾಗ ಎರಡು ಕೆಟ್ಟವು ಇರ್ತಾವ, ಆರಕ್ಕೊಂದು" ಎಂದು ಗೊಣಗುತ್ತಾಳೆ. ಕೆಟ್ಟದ್ದೇ ಕೈಗೆ ಬಂದರೂ ಬೇಸರವಿಲ್ಲ. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು.

ಹೋದ ವರ್ಷ ರಸ್ತೆ ಅಗಲ ಮಾಡಲು ಬಂದರು. ನಮ್ಮ ವ್ಯಾಪಾರಿ ಸಂಘದವರು ಓಡಾಡಿ ಎಂಟು ತಗಡಿನ ಡಬ್ಬಿ ಅಂಗಡಿ ತಂದು ನಿಲ್ಲಿಸಿದರು. ನಾವು ಹನ್ನೆರಡು ಮಂದಿ. ಚೀಟಿ ಎತ್ತುವುದೆಂದಾಯಿತು. ಸಿಗದ ನಾಲ್ವರು ಸೋಮವಾರದಿಂದ ಊರಾಚೆಯ ಸಂತೆ ಮೈದಾನಕ್ಕೆ ಹೋಗಬೇಕು. ಅಲ್ಲಿ ಜನ ಬರುವುದು ವಾರಕ್ಕೊಂದು ದಿನ. ಕಮರುನ್ನೀಸಾಳ ಗಂಡ ಸೊಂಟ ಮುರಿದುಕೊಂಡು ಮಲಗಿದ್ದಾನೆ. ಪೋತ್ನಾಳದಿಂದ ಬಸ್ಸಿಳಿದು ಬರುವ ಶಾಲೆ ಮಕ್ಕಳ ಬ್ಯಾಗೇ ಆ ಮನೆಯ ಅನ್ನ.

ಸಂಘದ ವಿರೂಪಣ್ಣ ಸ್ಟೀಲಿನ ಕೊಡ ಹಿಡಿದು ನಿಂತ. ಒಂದರಿಂದ ಎಂಟರ ತನಕ ನಂಬರು ಬರೆದ ಎಂಟು ಚೀಟಿ, ಖಾಲಿ ನಾಲ್ಕು. ಒಂದನೇ ನಂಬರಿನ ಡಬ್ಬಿ ಬಸ್‌ಸ್ಟ್ಯಾಂಡಿನ ಬಾಗಿಲಿಗೇ ಎದುರು. ಅಂಗಡಿ ಖರ್ಚಾಗಿಬಿಡುತ್ತವೆ ಎಂದು ಎಲ್ಲರೂ ಮುಂದೆ ನುಗ್ಗಿದರು, ನಾನೂ ಮೊಣಕೈ ಆಡಿಸಿದೆ. ಇವಳು ಮಾತ್ರ ಎಲ್ಲರ ಹಿಂದೆ.

"ಬಾರಬೇ, ಹಿಂದ ನಿಂತ್ರ ಏನ್ ಸಿಗ್ತದ?" ಎಂದೆ.

"ಯಾವಾಗ ಎತ್ತಿದ್ರೂ ಹನ್ನೆರಡರಾಗ ಎಂಟೇ, ಚನ್ನಮ್ಮಕ್ಕ. ಮುಂದ ನಿಂತ್ರ ಹೆಚ್ಚಾಗಂಗಿಲ್ಲ."

ಮೂರನೆಯವಳಾಗಿ ಕೈ ಹಾಕಿದೆ. ಐದನೇ ನಂಬರು ಬಂತು. ಮುಷ್ಟಿ ಬಿಗಿಯಾಗಿ ಮುಚ್ಚಿದೆ, ಯಾರೋ ಕಸಿದುಕೊಳ್ಳುತ್ತಾರೆ ಎಂಬಂತೆ.

ಆರು ಮಂದಿ ಎತ್ತುವಷ್ಟರಲ್ಲಿ ಐದು ಅಂಗಡಿ ಹೋದವು, ಖಾಲಿ ಬಂದದ್ದು ಒಂದೇ. ಅಂದರೆ ಕೊಡದಲ್ಲಿ ಮೂರು ಅಂಗಡಿ, ಮೂರು ಖಾಲಿ. "ಈಗ ಅರ್ಧಕ್ಕರ್ಧ" ಎಂದಳು ಅವಳು. ಆಮೇಲೆ ಖಾಲಿ, ಅಂಗಡಿ, ಖಾಲಿ. ಖಾಲಿ ಬಂದವರು ಚೀಟಿ ನೆಲಕ್ಕೆ ಎಸೆದು ಬೈಯುತ್ತಿದ್ದರು. ಹತ್ತನೆಯವನಿಗೂ ಖಾಲಿ ಬಂದಾಗ ಕಮರುನ್ನೀಸಾ ಉಸಿರು ಬಿಟ್ಟಳು. ನಾಲ್ಕು ಖಾಲಿಯೂ ಮುಗಿದವು. ಉಳಿದವೆರಡೂ ಅಂಗಡಿಯೇ. ಹನ್ನೊಂದನೆಯವನು ಎತ್ತಿದ, ಮೂರನೇ ನಂಬರು.

ಅವಳು ಚೀಟಿ ತೆಗೆದು, ಬಿಚ್ಚುವ ಮೊದಲೇ "ಒಂದನೇ ನಂಬರು" ಎಂದಳು. ಅದೊಂದನ್ನೇ ಯಾರೂ ಎತ್ತಿರಲಿಲ್ಲ. ಬಿಚ್ಚಿದಳು. ಖಾಲಿ.

"ನಸೀಬು ತಂಗಿ, ಏನ್ ಮಾಡೂದು" ಎಂದು ವಿರೂಪಣ್ಣ ಕೊಡ ಬಗಲಿಗಿಟ್ಟುಕೊಂಡ.

"ನಸೀಬಲ್ರೀ, ಲೆಕ್ಕ." ಅವಳು ಕೂತು, ನೆಲದ ಚೀಟಿಗಳನ್ನು ಆಯ್ದು ತನ್ನದರ ಜೊತೆ ಸಾಲಾಗಿ ಇಟ್ಟಳು. "ಖಾಲಿ ನಾಲ್ಕಂದ್ರಿ. ಇಲ್ಲಿ ಐದ ಅದಾವ. ಒಂದನೇ ನಂಬರು ಎಲ್ಲೈತ್ರಿ?"

ವಿರೂಪಣ್ಣನ ಮುಖ ಕೆಂಪಾಯಿತು. "ಹಂಗಾದ್ರ ಎಲ್ಲಾ ರದ್ದು. ಹನ್ನೆರಡೂ ಮಂದಿ ಹೊಸದಾಗಿ ಎತ್ತರಿ" ಎಂದ.

ಅಷ್ಟೇ ಸಾಕಾಯಿತು. ಅಂಗಡಿ ಸಿಕ್ಕ ಏಳು ಮಂದಿ ಅವಳ ಮೇಲೆ ತಿರುಗಿಬಿದ್ದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು. "ಬಾಯಿ ಮುಚ್ಚಬೇ, ನಿನಗ ಬರಲಿಲ್ಲಂತ ನಮ್ಮದು ಯಾಕ ಕೆಡಸ್ತೀ?"

ಅವಳು ನನ್ನ ಕಡೆ ನೋಡಲಿಲ್ಲ, ಎದ್ದೂ ಹೋಗಲಿಲ್ಲ. "ಸಿಕ್ಕವರದು ಸಿಕ್ಕಂಗ ಇರ್ಲಿ. ಒಂದನೇ ಚೀಟಿ ಕೊಡ್ರಿ ಸಾಕು" ಎಂದು ಕೈ ಚಾಚಿ ಕೂತೇಬಿಟ್ಟಳು. ನಮ್ಮದಕ್ಕೆ ಧಕ್ಕೆಯಿಲ್ಲ ಎಂದು ತಿಳಿದ ಮೇಲೆ ನಮ್ಮ ಕೂಗು ವಿರೂಪಣ್ಣನ ಕಡೆ ತಿರುಗಿತು. ಕಡೆಗೆ ಅವನು ಅಂಗಿ ಜೇಬಿಗೆ ಕೈ ಹಾಕಿ, "ಮಡಚೂವಾಗ ಉಳದಿತ್ತು ಕಾಣ್ತದ" ಎಂದು ಚೀಟಿ ತೆಗೆದ. ಅವನ ಅಳಿಯ ಆ ಡಬ್ಬಿಗೆಂದು ಬೀಗ ಕೊಂಡು ಆಗಲೇ ಎರಡು ದಿನವಾಗಿತ್ತಂತೆ.

"ತಗೋ, ನಿಂದೇ ಅದು" ಎಂದೆ ನಾನು. ಎಲ್ಲರೂ ಹೌದೆಂದರು.

ಕಮರುನ್ನೀಸಾ ಆ ಚೀಟಿಯನ್ನು ನೆಲದ ಐದು ಖಾಲಿಗಳ ಪಕ್ಕ ಇಟ್ಟಳು. ಆಮೇಲೆ, "ನಂದಲ್ಲ. ಖಾಲಿ ಐದ ಮಂದಿಗೆ ಬಂದಾವ. ಅದ್ರಾಗ ಸುಳ್ಳು ಖಾಲಿ ಯಾರ ಕೈಗೆ ಬಂತೋ ಯಾರಿಗೆ ಗೊತ್ತು? ನಾ ಕಡೀಕ ಎತ್ತೀನಂತ ನಂದಾಗ್ತದೇನು? ಐದರಾಗ ಒಂದು ನಂದು, ಅಷ್ಟ" ಎಂದಳು.

ಬಿಟ್ಟುಕೊಡಬೇಡ ಎಂದು ನಾನು ಅವಳ ಸೆರಗು ಜಗ್ಗಿದೆ. ಕೇಳಲಿಲ್ಲ. ಒಂದನೇ ನಂಬರನ್ನೂ ನಾಲ್ಕು ಖಾಲಿಯನ್ನೂ ಮಡಚಿ ಕೊಡಕ್ಕೆ ಹಾಕಿದರು. ಈ ಸಲ ಖಾಲಿ ಬಂದಿದ್ದ ಉಳಿದ ನಾಲ್ವರೂ ಅವಳನ್ನೇ ಮೊದಲು ಬಿಟ್ಟರು. ಕೈ ಹಾಕಿದಳು, ಬಿಚ್ಚಿದಳು.

"ಇದು ಖರೇ ಖಾಲಿ, ಅಕ್ಕ" ಎಂದು ನನಗೆ ತೋರಿಸಿದಳು.

ಒಂದನೇ ಡಬ್ಬಿ ಆ ನಾಲ್ವರಲ್ಲಿ ಬೀಗ ರಿಪೇರಿಯ ಮಲಂಗಸಾಬನಿಗೆ ಹೋಯಿತು. ಸೋಮವಾರ ಅವಳು ಮಷಿನ್ನನ್ನು ತಳ್ಳುಗಾಡಿಗೆ ಕಟ್ಟಿ ಮೈದಾನಕ್ಕೆ ಹೋದಳು. ನಾನು ಐದನೇ ಡಬ್ಬಿಯ ನೆರಳಲ್ಲಿ ಹೂ ಕಟ್ಟುತ್ತೇನೆ, ಹರಿದ ಬ್ಯಾಗು ಹಿಡಿದು ಬಂದವರಿಗೆ ಅವಳ ದಾರಿ ತೋರಿಸುತ್ತೇನೆ. ಬಾಯಿ ಮುಚ್ಚು ಎಂದದ್ದು ತಪ್ಪಾಯಿತು ಅಂತ ಅವಳಿಗೆ ಇನ್ನೂ ಹೇಳಿಲ್ಲ.