ಸೋಮವಾರ ಚಕ್ರ ಎಬ್ಬಿಸಿದ್ದು

ಎತ್ತಿಗೆ ನೊಗ ಹೂಡದ ಸೋಮವಾರ ನಾನು ನೀರಿನ ಚಕ್ರವನ್ನು ದುಡಿಸಲು ಹೋದೆ. ನಿಮ್ಮ ಮುಂದೆ ಮುಚ್ಚುಮರೆ ಏಕೆ, ತಪ್ಪು ನನ್ನದೇ. ದೇವರು, ದೆವ್ವ ಎರಡನ್ನೂ ನಂಬದ ಜಾಣ ಇಡೀ ಜಿಲ್ಲೆಗೆ ನಾನೊಬ್ಬನೇ ಎಂದು ಆಗ ತಿಳಿದಿದ್ದೆ. ಹುಕ್ಕೇರಿಯಲ್ಲಿ ಮೂರು ಸಲ ಮೆಟ್ರಿಕ್ ನಾಪಾಸಾದವನಿಗೆ ಅಷ್ಟು ಜಾಣತನ ಬರುವುದು ಸಹಜ.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಧುಪದಾಳದ ಆಚೆ ಒಂದು ಕಲ್ಲಿನ ಖಣಿ. ಅದರ ತಳದಲ್ಲಿ ಸದಾ ನೀರು ಒಸರುತ್ತಿತ್ತು. ಅದನ್ನು ಹೊರಹಾಕಲು ಹಿಂದೆ ಯಾರೋ ಸಾಹೇಬ ಎರಡು ಮಾಳಿಗೆಯಷ್ಟು ಎತ್ತರದ ಕಟ್ಟಿಗೆಯ ಚಕ್ರ ಕಟ್ಟಿಸಿದ್ದ. ತೂಬು ಎತ್ತಿದರೆ ಕಾಲುವೆಯ ನೀರು ಚಕ್ರದ ನೆತ್ತಿಯ ತೊಟ್ಟಿಗಳಿಗೆ ಬಿದ್ದು ಅದು ಉರುಳುತ್ತಿತ್ತು. ಅದಕ್ಕೆ ಜೋಡಿಸಿದ ಪಂಪು ಖಣಿಯ ನೀರನ್ನು ಮೇಲೆಳೆಯುತ್ತಿತ್ತು. ತೂಬು ಎತ್ತಿ ಇಳಿಸುವುದು ನನ್ನ ನೌಕರಿ. ಊರಲ್ಲಿ ಮಾತ್ರ ಇಂಜಿನಿಯರ್ ಎಂದು ಹೇಳಿಕೊಂಡಿದ್ದೆ.

ಖಣಿಯವರು ಆ ಚಕ್ರವನ್ನು ಬಸವಣ್ಣ ಎಂದೇ ಕರೆಯುತ್ತಿದ್ದರು. ಸೋಮವಾರ ಅದಕ್ಕೂ ಎತ್ತಿನಂತೆ ವಿಶ್ರಾಂತಿ. ಅಚ್ಚಿಗೆ ಎಣ್ಣೆ ಹಚ್ಚುವ ಮುದುಕಿ ನೀಲವ್ವ ಅಂದು ಅದರ ಮುಂದೆ ಹಿಂಡಿ ಇಡುತ್ತಿದ್ದಳು.

"ಆಯಿ, ಇದು ಸೆಗಣಿ ಯಾವಾಗ ಹಾಕತೈತಿ?" ಎಂದು ಕೇಳಿ ನಾನು ನಗುತ್ತಿದ್ದೆ.

ಹೀಗಿರುವಾಗ ಮೂಡಲಗಿಯ ರೈತ ಗುರಪ್ಪ ಕಾಕಾ ನನಗೆ ಮಗಳನ್ನು ಕೊಡುವ ಮಾತು ಬಂತು. ಹುಡುಗಿಯನ್ನು ನೋಡಿ ಬಂದಂದಿನಿಂದ ನನಗೆ ಎಂಟು ರೊಟ್ಟಿಯ ಬದಲು ಆರೇ ಸೇರುತ್ತಿದ್ದವು. ಆದರೆ ಕಾಕಾ, ಹುಡುಗನ ನೌಕರಿ ಕಣ್ಣಾರೆ ಕಂಡ ಮೇಲೆಯೇ ಹೂಂ ಅನ್ನುವುದಾಗಿ ಹೇಳಿಕಳಿಸಿದರು. ಬರುವುದೋ ಸೋಮವಾರ, ಅವರ ಎತ್ತಿಗೂ ಅಂದೇ ಬಿಡುವು. ನಿಂತ ಚಕ್ರ ತೋರಿಸಿ ಇಂಜಿನಿಯರ್ ಎನಿಸಿಕೊಳ್ಳುವುದು ಹೇಗೆ?

ಗೋಕಾಕದಲ್ಲಿ ಇಸ್ತ್ರಿ ಮಾಡಿಸಿದ ಅಂಗಿ ತೊಟ್ಟು ಹೋದೆ. "ಬ್ಯಾಡೋ ತಮ್ಮಾ, ಇವತ್ತ ಅದನ್ನ ಎಬ್ಬಿಸಬ್ಯಾಡ" ಎಂದು ನೀಲವ್ವ ಹಿಡಿದ ಕೈ ಕೊಸರಿಕೊಂಡು ತೂಬು ಎತ್ತಿದೆ. ನೀರು ಧೋ ಎಂದು ಸುರಿಯಿತು. ಚಕ್ರ ಮಿಸುಕಲಿಲ್ಲ. ದೂಡಿದೆ, ಒದ್ದೆ, ಬಾವಲಿಯಂತೆ ಜೋತುಬಿದ್ದೆ. ಊಹೂಂ. ಸೋತು ತೂಬು ಇಳಿಸಿ, ನೀರೆಲ್ಲ ಸೋರಿಹೋದ ಮೇಲೆ, ಕೈಗೆಟುಕಿದ ತೊಟ್ಟಿಯೊಂದರ ಬೆನ್ನ ಮೇಲೆ ಕುಳಿತು ಅಂಗಿ ಹಿಂಡತೊಡಗಿದೆ.

ಆಗ ಅದು ಎದ್ದಿತು. ನೀರಿಲ್ಲ, ಸದ್ದಿಲ್ಲ. ನನ್ನನ್ನು ಹೊತ್ತು ಮೇಲೇರಿ, ಸರಿಯಾಗಿ ನೆತ್ತಿಯ ಮೇಲಿಟ್ಟು ನಿಂತುಬಿಟ್ಟಿತು. ಹಲ್ಲಿಯಂತೆ ಹಲಗೆಗೆ ಅಂಟಿಕೊಂಡೆ. ಕಣ್ಣು ತೆರೆದರೆ ಕೆಳಗೆ ಖಣಿ, ಮುಚ್ಚಿದರೆ ಹುಡುಗಿ.

ತಾಸಿನ ಮೇಲೆ ಗುರಪ್ಪ ಕಾಕಾ ಬಂದರು.

"ಏನ್ರಿ ಇಂಜಿನಿಯರ್ ಸಾಹೇಬ್ರ, ಅಲ್ಲೇನ್ ಮಾಡಾಕತ್ತೀರಿ?"

"ತಪಾಸಣಿ ಮಾಡಾಕತ್ತೇನ್ರಿ" ಎಂದೆ. ದನಿ ಕುರಿಮರಿಯದಾಗಿತ್ತು.

"ಎಲ್ಲಿ ತಪಾಸಣಿರಿ!" ನೀಲವ್ವ ಕೂಗಿದಳು. "ಇಳ್ಯಾಕ ಬರವಲ್ದು, ತಾಸಾತು ಅಳಾಕತ್ತಾನ."

ಕಾಕಾ ನಗಲಿಲ್ಲ. ಚಪ್ಪಲಿ ಬಿಟ್ಟು, ಎತ್ತಿನ ಬೆನ್ನು ಸವರುವಂತೆ ಚಕ್ರವನ್ನು ಸವರಿ, "ಹೋ... ಹೋ... ಬಿಡಪಾ, ಹುಡುಗ ಅದಾನ" ಎಂದರು. ಚಕ್ರ ಹಿಮ್ಮುಖವಾಗಿ ತಿರುಗಿ ನನ್ನನ್ನು ಮೆಲ್ಲಗೆ ಕೆಳಗಿಳಿಸಿತು.

ಯಾವುದೋ ತೊಟ್ಟಿಯಲ್ಲಿ ನೀರು ಉಳಿದಿರಬೇಕೆಂದು ಮರುದಿನ ಚಕ್ರ ದುರಸ್ತಿ ಮಾಡುವ ಮಿಸ್ತ್ರಿ ಹೇಳಿದ. ಆ ಚಕ್ರ ಹಿಂದಕ್ಕೆ ತಿರುಗಿದ್ದನ್ನು ತಾನೆಂದೂ ಕಂಡಿಲ್ಲವೆಂದೂ ಅವನೇ ಹೇಳಿದ. ನನಗಂತೂ ಇಂದಿಗೂ ಬಗೆಹರಿದಿಲ್ಲ.

ಕಾಕಾ ಅಂದು ಹೂಂ ಅನ್ನದೆಯೇ ಹೊರಟುಹೋದರು. ಸಂಬಂಧ ಮುರಿಯಿತೆಂದು ನಾನು ಮುಸುಕು ಹಾಕಿ ಮಲಗಿದೆ. ನಾಲ್ಕನೆಯ ದಿನ ಹೂಂ ಬಂತು! ಏಕೆಂದು ತಿಳಿದದ್ದು ಮದುವೆಯಾದ ಮೇಲೆ, ಹೆಂಡತಿಯ ಬಾಯಿಂದ:

"ಅಪ್ಪಾ ಮನಿಗೆ ಬಂದು ಅವ್ವಗ ಅಂದ್ರು, ‘ಹುಡುಗ ಶಾಣ್ಯಾ ಅಲ್ಲ, ಸುಳ್ಳ ಹೇಳಾಕೂ ಬರೂದಿಲ್ಲ. ಆದ್ರ ಏರಿಸಿದಲ್ಲೆ, ಇಳಸೂತನಕ ಗಪ್ಪ ಕುಂದರತಾನ. ನಮ್ಮ ಹುಡಿಗಿಗೆ ಅಷ್ಟ ಸಾಕು.’"