ಸಿಪಿಯು ಅಷ್ಟ ತಗೊಂಡ್ ಬಾ

ಬಳ್ಳಾರಿಯ ಗಾಂಧಿನಗರದಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತೇನೆ. ಫೋನ್ ಮಾಡುವವರಿಗೆಲ್ಲ ನಾನು ಹೇಳುತ್ತಿದ್ದುದು ಒಂದೇ ಮಾತು: "ಸಿಪಿಯು ಅಷ್ಟ ತಗೊಂಡ್ ಬರ್ರಿ, ಮಾನಿಟರು, ವೈರು ಏನೂ ಬ್ಯಾಡ." ಅವರ ವೈರುಗಳು ನಮ್ಮ ವೈರುಗಳ ಜೊತೆ ಬೆರೆತುಹೋಗಿ, ಆಮೇಲೆ ನಂದು ಹೊಸಾದಿತ್ತು, ನೀವು ಹಳೇದು ಕೊಟ್ಟೀರಿ ಎಂಬ ಜಗಳ ಯಾರಿಗೆ ಬೇಕು? ನನಗಂತೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಕುರುಗೋಡಿನಲ್ಲಿ ಅವ್ವನ ಜೊತೆಗಿದ್ದ ನನ್ನ ತಮ್ಮನಿಗೂ ಅದನ್ನೇ ಹೇಳಿದೆ. ಅವನು ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದ. ಮನೆಗೆ ಬಂದರೆ ಗೇಮು ಬಿಟ್ಟು ಬೇರೆ ಲೋಕವಿರಲಿಲ್ಲ. ಆ ಸಿಪಿಯು ಕೂಡ ನಾನೇ ಜೋಡಿಸಿಕೊಟ್ಟದ್ದು.

"ಅಕ್ಕಾ, ಗೇಮ್ ಹಚ್ಚಿದ್ರ ಸ್ಕ್ರೀನ್ ಮಿಣಕ್ ಮಿಣಕ್ ಅಂತೈತಿ. ಒಮ್ಮೊಮ್ಮೆ ಪೂರಾ ಕರ್ರಗಾಗಿ ಮತ್ತ ಬರ್ತೈತಿ."

ಗ್ರಾಫಿಕ್ಸ್ ಡ್ರೈವರ್ ತೆಗೆಸಿ ಹೊಸದಾಗಿ ಹಾಕಿಸಿದೆ. ಗೇಮಿನ ಸೆಟ್ಟಿಂಗ್ ಇಳಿಸಲು ಹೇಳಿದೆ. ಸಿಪಿಯುವಿನೊಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಎಷ್ಟು ಬಿಸಿಯಾಗಿದೆ ಎಂದು ಓದಿಸಿದೆ. ಎಲ್ಲವೂ ಫೋನಿನಲ್ಲೇ, ಎದುರಿಗೆ ಗಿರಾಕಿ ನಿಂತಿರುವಾಗಲೇ. ಮೂರನೆಯ ವಾರಕ್ಕೆ ನನ್ನ ತಲೆ ಕೆಟ್ಟಿತು.

"ನನ್ನ ಜೀವಾ ತಿನ್ನಬ್ಯಾಡಲೇ. ಕಾರ್ಡ್ ಹೋಗಿರ್ಬೇಕು. ಸಿಪಿಯು ಅಷ್ಟ ತಗೊಂಡ್ ಬಾ."

"ಐತಾರ ತರ್ತೀನಿ ಬಿಡಕ್ಕಾ."

ಆ ಭಾನುವಾರ ಬೆಳಗ್ಗೆ ಬೈಕಿನ ಟ್ಯಾಂಕಿನ ಮೇಲೆ ಸಿಪಿಯು ಇಟ್ಟುಕೊಂಡು, ಬೀಳದಂತೆ ಮೊಣಕಾಲುಗಳಿಂದ ಒತ್ತಿ ಹಿಡಿದು ಹೊರಟಿದ್ದಾನೆ. ಸುಗ್ಗಿಯ ಕಾಲ, ಅರ್ಧ ರಸ್ತೆಗೆ ಭತ್ತ ಒಣಹಾಕಿದ್ದರು. ಎದುರಿಗೆ ಬಸ್ಸು ಬಂತೆಂದು ಭತ್ತದ ಮೇಲೆ ಹತ್ತಿಸಿದ. ಹ್ಯಾಂಡಲ್ ತಿರುಗಿಸಲು ಸಿಪಿಯು ಡಬ್ಬ ಅಡ್ಡವಿತ್ತು, ಚಕ್ರ ಜಾರಿತು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಮ್ಮ ಇರಲಿಲ್ಲ.

ತಮ್ಮನ ಶಿವಗಣಾರಾಧನೆ ಮುಗಿದ ಮೇಲೆ ಅವ್ವ ಆ ಸಿಪಿಯುವನ್ನು ಸೆರಗಿನಿಂದ ಒರೆಸಿ, ಮೂರು ಬೆರಳಲ್ಲಿ ವಿಭೂತಿ ಎಳೆದು ನನ್ನ ಮುಂದಿಟ್ಟಳು.

"ಇದಕ್ಕ ಏನಾಗಿತ್ತು ನೋಡಿ ಹೇಳು. ಅಂವ ಬಳ್ಳಾರಿಗೆ ಹೊರಡಾದು ಬೇಕಿತ್ತೋ ಇಲ್ಲೋ, ಅಷ್ಟು ಗೊತ್ತಾಗ್ಲಿ ನನಗ."

ಅಂಗಡಿಗೆ ತಂದು ಬಿಚ್ಚಿದೆ. ಬಿದ್ದ ಏಟಿಗೆ ಕಾರ್ಡಿನ ಫ್ಯಾನಿನ ಒಂದು ರೆಕ್ಕೆ ಮುರಿದಿತ್ತು, ಒಳಗೆ ನಾಲ್ಕಾರು ಭತ್ತದ ಕಾಳಿದ್ದವು. ಬ್ಲೋವರ್ ಹಿಡಿಯಲು ಮನಸ್ಸಾಗಲಿಲ್ಲ, ಒಂದೊಂದಾಗಿ ಕೈಯಿಂದ ಆರಿಸಿದೆ. ಹೊಸ ಫ್ಯಾನ್ ಕೂರಿಸಿ, ಅಂಗಡಿಯ ಮಾನಿಟರು, ಅಂಗಡಿಯ ಕೇಬಲು ಸಿಕ್ಕಿಸಿ ಅವನ ಗೇಮ್ ಹಚ್ಚಿದೆ. ಅವನು ಆಡುತ್ತಿದ್ದ ಆಳು, ಅವನು ನಿಲ್ಲಿಸಿಹೋದ ಜಾಗದಲ್ಲೇ ನನಗೆ ಬೆನ್ನು ತಿರುಗಿಸಿ ನಿಂತಿದ್ದ. ಯಾರೂ ಆಡಿಸದಿದ್ದರೂ ಉಸಿರಾಡುತ್ತಿದ್ದ, ಆಗೀಗ ಕಾಲು ಬದಲಿಸುತ್ತಿದ್ದ.

ಮೂರು ದಿನ ಹಾಗೇ ಓಡಲು ಬಿಟ್ಟೆ. ಗಿರಾಕಿಗಳೊಡನೆ ಮಾತಾಡುವಾಗಲೂ ಹಿಂದೆ ಯಾರೋ ಕಾಯುತ್ತಿದ್ದಾರೆ ಅನ್ನಿಸಿ ತಿರುಗಿ ತಿರುಗಿ ನೋಡುತ್ತಿದ್ದೆ. ನನಗೆ ನಿಜಕ್ಕೂ ಭಯವಾಗಿತ್ತು. ಮಿಣುಕಲಿ, ಒಂದೇ ಒಂದು ಸಲ ಮಿಣುಕಲಿ ಎಂದು ಬೇಡಿಕೊಂಡೆ. ಮಿಣುಕಿದರೆ ಕಾರ್ಡೇ ಕೆಟ್ಟಿದೆ ಎಂದಾಗುತ್ತದೆ, ನಾನು ಕರೆಸಿದ್ದು ಸರಿ ಎಂದಾಗುತ್ತದೆ. ಪರದೆ ಒಂದಿಷ್ಟೂ ಅಲುಗಲಿಲ್ಲ.

ಕುರುಗೋಡಿಗೆ ಒಯ್ದು ಅವನ ಮೇಜಿನ ಮೇಲಿಟ್ಟು, ಅವನ ಮಾನಿಟರಿಗೆ ಅಲ್ಲೇ ಉಳಿದಿದ್ದ ಕೇಬಲಿನಿಂದ ಜೋಡಿಸಿದೆ. ಅವ್ವ ಹಿಂದೆ ನಿಂತಿದ್ದಳು. ಗೇಮ್ ತೆರೆದದ್ದೇ ತಡ, ಪರದೆ ಮಿಣುಕಿತು. ಆ ಆಳು ಕಾಣಿಸಿದ, ಮಾಯವಾದ, ಮತ್ತೆ ಕಾಣಿಸಿದ. ಅವ್ವ ತಮ್ಮನ ಹೆಸರು ಹಿಡಿದು ಕೂಗಿದಳು.

ಮೇಜಿನ ಹಿಂದೆ ಕೈ ಹಾಕಿದೆ. ಗೋಡೆಗೆ ಒತ್ತಿ ಒತ್ತಿ ಕೇಬಲಿನ ತುದಿ ಮಡಚಿಹೋಗಿತ್ತು. ನೆಟ್ಟಗೆ ಹಿಡಿದರೆ ಚಿತ್ರ ನಿಲ್ಲುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಸಿಪಿಯುವಿಗೆ ಏನೂ ಆಗಿರಲೇ ಇಲ್ಲ. ಕುರುಗೋಡಿನ ಯಾವ ಮೊಬೈಲ್ ಅಂಗಡಿಯಲ್ಲಾದರೂ ಸಿಗುವ ಕೇಬಲು ಅದು. ಮೂರು ವಾರದಲ್ಲಿ ಒಂದೇ ಒಂದು ಸಲ "ಕೇಬಲ್ ಬದ್ಲಿ ಮಾಡಿ ನೋಡಲೇ" ಅಂದಿದ್ದರೆ ಅವನು ಮನೆ ಬಿಡುತ್ತಲೇ ಇರಲಿಲ್ಲ. ನನ್ನ ಕಸುಬಿನಲ್ಲಿ ಮೊದಲು ಕೇಳಬೇಕಾದ ಮಾತನ್ನು ನಾನು ಕೇಳಿರಲಿಲ್ಲ.

ಚೀಲದಲ್ಲಿದ್ದ ಬೇರೆ ಕೇಬಲ್ ಹಾಕಿದೆ. ಮಿಣುಕುವುದು ನಿಂತಿತು.

"ಏನಾಗಿತ್ತು?" ಅವ್ವ ಕೇಳಿದಳು.

"ಕಾರ್ಡ್ ಹೋಗಿತ್ತವ್ವ. ಈಗ ಸರಿಯಾತು. ಬಳ್ಳಾರಿಗೆ ತರ್ಲಾರ್ದ ಆಗ್ತಿರ್ಲಿಲ್ಲ."

ಅವ್ವ ನನ್ನ ಎರಡೂ ಕೈ ಹಿಡಿದುಕೊಂಡಳು.

"ಸುಮ್ ಸುಮ್ನ ಕರಿಸಿದಿ ಅಂತ ನಿನ್ನ ಮ್ಯಾಲ ಸಿಟ್ಟಿತ್ತು ಯವ್ವಾ. ನಿನ್ನ ಮಾರಿ ನೋಡಾಕ ಮನಸಿರ್ಲಿಲ್ಲ. ತಪ್ಪು ತಿಳ್ಕೊಂಡಿದ್ನಿ, ಹೊಟ್ಟ್ಯಾಗ ಹಾಕ್ಕೋ."

ಹೂಂ ಅಂದೆ.